ಕಿಟಕಿಯ ಮುಂದೆ ಅಮ್ಮ, ತೆರೆಯ ಮೇಲೆ ‘ಅಂಕುರ್’

ಮಿಯಾಪುರದ ನಮ್ಮ ಫ್ಲ್ಯಾಟಿನ ಕಿಟಕಿಯ ಮುಂದೆ ಕೂತು ಅಮ್ಮ ತನ್ನ ತವರಿನ ಕಥೆ ಹೇಳುತ್ತಿರುವ ಇಪ್ಪತ್ತು ನಿಮಿಷದ ವಿಡಿಯೋ ನನ್ನ ಬಳಿ ಇದೆ. ಮಾತು ಸ್ಪಷ್ಟವಾಗಿದೆ, ಮುಖ ಮಾತ್ರ ಕಪ್ಪು. ಕ್ಯಾಮ್‌ಕಾರ್ಡರನ್ನು ಆಟೋದಲ್ಲಿಟ್ಟು ಸ್ಟ್ಯಾಂಡಿಗೆ ಹಾಕಿ ನಾನು ಕಥೆ ಕೇಳುತ್ತಾ ಕೂತಿದ್ದೆ. ಅದು ಅಮ್ಮನ ಬೆನ್ನ ಹಿಂದಿನ ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿಕೊಂಡಿತು. ಕರ್ಟನ್ನು ಅಲುಗಿದಾಗಲೆಲ್ಲ ಫೋಕಸ್ಸು ಅದರ ಮೇಲಿನ ಹೂವಿನತ್ತ ಓಡಿತು. ಅಮ್ಮ ಈಗಿಲ್ಲ.

ಈಚೆಗೆ ಶ್ಯಾಮ್ ಬೆನಗಲ್ ಅವರ ‘ಅಂಕುರ್’ (1974) ಮತ್ತೆ ನೋಡುವಾಗ ಈ ವಿಡಿಯೋ ನೆನಪಾಗಿ ಸಿನಿಮಾ ಬೇರೆಯಾಗಿಯೇ ಕಂಡಿತು. ಬೆನಗಲ್ ನಮ್ಮ ಹೈದರಾಬಾದಿನವರೇ. ಛಾಯಾಗ್ರಾಹಕರಾಗಿದ್ದ ತಂದೆ ಶ್ರೀಧರ್ ಬೆನಗಲ್ ಕೊಟ್ಟ ಕ್ಯಾಮೆರಾದಲ್ಲಿ ಹನ್ನೆರಡನೇ ವಯಸ್ಸಿಗೇ ಮೊದಲ ಚಿತ್ರ ತೆಗೆದವರು. ‘ಅಂಕುರ್’ನ ಕ್ಯಾಮೆರಾ ಗೋವಿಂದ ನಿಹಲಾನಿಯವರದು. ಅವರು ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಪಳಗಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಕಾರ್ನಾಡರ ‘ಕಾಡು’ (1973) ಚಿತ್ರಕ್ಕೂ ಇವರದೇ ಕ್ಯಾಮೆರಾ.

ಆಟೋ ಎಕ್ಸ್‌ಪೋಷರ್ ಮಾಡುವುದು ಒಂದು ಸರಾಸರಿ ಲೆಕ್ಕ. ಚೌಕಟ್ಟಿನ ಬೆಳಕನ್ನೆಲ್ಲ ಅಳೆದು ನಡುವಿನ ಬೂದುಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಬಿಳಿ ಪಂಚೆಯೂ ಬೂದು, ಕರಿ ಕಂಬಳಿಯೂ ಬೂದು. ಯಾರು ಮುಖ್ಯ ಎಂಬ ಪ್ರಶ್ನೆ ಅದಕ್ಕಿಲ್ಲ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದು ಒಂದೇ ಕೋಲು ಬೆಳಕನ್ನು ಇಳಿಸಿದರು. ಉಳಿದ ಜಾಗವನ್ನು ಕತ್ತಲೆಗೆ ಬಿಟ್ಟರು. ಆ ಕತ್ತಲೆಯೂ ಅವರ ನಿರ್ಧಾರವೇ. ನನ್ನ ವಿಡಿಯೋದಲ್ಲೂ ಕತ್ತಲೆಯಿದೆ, ಆದರೆ ಅದನ್ನು ಯಾರೂ ನಿರ್ಧರಿಸಲಿಲ್ಲ. ತಪ್ಪಿರುವುದು ಅಲ್ಲಿ.

‘ಅಂಕುರ್’ನ ಬಗ್ಗೆ ನನಗೊಂದು ತಕರಾರೂ ಇದೆ. ಹೊಲದ ಹಸಿರು ಎಷ್ಟು ಚೆಂದವೆಂದರೆ, ಲಕ್ಷ್ಮಿಯ ಹಸಿವು ಕೆಲವೊಮ್ಮೆ ಕಣ್ಣಿಗೆ ಹಬ್ಬವಾಗಿಬಿಡುತ್ತದೆ. ಆದರೆ ಕೊನೆಯಲ್ಲಿ ಚಿತ್ರ ಈ ಚೆಲುವನ್ನು ತಾನೇ ಅಳಿಸುತ್ತದೆ. ಅನಂತ್ ನಾಗ್ ಅವರ ಸೂರ್ಯ ಮೂಗ ಕಿಷ್ಟಯ್ಯನನ್ನು ಚಾವಟಿಯಿಂದ ಹೊಡೆದು ಮನೆಯೊಳಗೆ ಅಡಗುತ್ತಾನೆ. ಒಬ್ಬ ಹುಡುಗ ಆ ಮನೆಯ ಕಿಟಕಿಗೆ ಕಲ್ಲೆಸೆದು ಓಡುತ್ತಾನೆ. ತೆರೆ ತುಂಬ ಕೆಂಪು. ಮುಖವಿಲ್ಲ, ಹೊಲವಿಲ್ಲ. ಯಾವ ಸರಾಸರಿ ಲೆಕ್ಕವೂ ಆ ಕೆಂಪಿಗೆ ತಲುಪುವುದಿಲ್ಲ.

ಅವರಿಗೆ ಫೋಕಸ್ ನೋಡಿಕೊಳ್ಳಲು ಸಹಾಯಕರಿದ್ದರು, ನಾವು ಒಂಟಿ ಎನ್ನಬಹುದು. ನಿಜ, ಓಡುವ ಮಗುವಿನ ಹಿಂದೆ ಹೋಗುವಾಗ ಆಟೋನೇ ವಾಸಿ. ಕೂತು ಮಾತಾಡುವವರ ಮುಂದೆ ಆ ನೆಪ ನಡೆಯದು. ಜೂಮನ್ನು ಪೂರ್ತಿ ಹತ್ತಿರಕ್ಕೆ ತಂದು, ರೆಪ್ಪೆಗೂದಲು ಚೂಪಾಗುವಷ್ಟು ಫೋಕಸ್ ರಿಂಗ್ ತಿರುಗಿಸಿ, ಮತ್ತೆ ಜೂಮ್ ಹಿಂದಕ್ಕೆ ಎಳೆದರೆ ಸಾಕು. ಅವರು ಕದಲುವವರೆಗೆ ಫೋಕಸ್ ಅಲ್ಲೇ ಇರುತ್ತದೆ. ಟ್ಯೂಬ್‌ಲೈಟ್ ಮಿಣುಕದಿರಲು ಷಟರ್ 1/50. ಆಮೇಲೆ ಐರಿಸ್ ತೆರೆಯುತ್ತಾ ಮುಖ ಕಾಣುವಲ್ಲಿಗೆ ನಿಲ್ಲಿಸುವುದು.

ಎಲ್ಲಿ ನಿಲ್ಲಿಸಬೇಕೆಂದು ತೋರಿಸಲು ಜೀಬ್ರಾ ಪಟ್ಟೆಗಳಿವೆ. ಮುಖಕ್ಕೆ 70 ಎಂಬುದು ರೂಢಿಯ ಅಂಕಿ. ಅದು ಬೆಳ್ಳಗಿನ ಚರ್ಮದ ಹೊಳಪನ್ನು ಲೆಕ್ಕವಿಟ್ಟು ಬಂದದ್ದು. ನಮ್ಮ ಅಮ್ಮಂದಿರ ಎಣ್ಣೆಗೆಂಪು ಬಣ್ಣಕ್ಕೆ 50–60ರ ಆಸುಪಾಸು ಒಪ್ಪುತ್ತದೆ. ಆಫೀಸಿನಲ್ಲಿ ‘ಡಿಫಾಲ್ಟ್’ ಎಂದು ಬಿಡುವ ಸೆಟ್ಟಿಂಗುಗಳ ಹಿಂದೆಯೂ ಹೀಗೆ ಯಾರದೋ ಮುಖ ಇದ್ದೇ ಇರುತ್ತದೆ. ಆ ಮುಖ ನಮ್ಮದಲ್ಲದಿದ್ದಾಗ ನಮ್ಮವರು ನೆರಳಾಗುತ್ತಾರೆ.

ಹೋದ ತಿಂಗಳು ಚಿಕ್ಕಮ್ಮ ಬಂದಿದ್ದಳು. ಅದೇ ಕಿಟಕಿ, ಅದೇ ಕುರ್ಚಿ. ‘ಎಷ್ಟು ಹೊತ್ತೋ ತಿರುಗಿಸ್ತೀಯ, ಕಾಫಿ ಆರಿಹೋಗುತ್ತೆ’ ಎಂದು ಬೈದಳು. ಈ ಸಲ ಮುಖಕ್ಕೆ ಲೆಕ್ಕ ಹಿಡಿದೆ. ಹಿಂದಿನ ಆಕಾಶ ಸುಟ್ಟು ಬರೀ ಬಿಳಿಯಾಯಿತು. ಇರಲಿ, ಆಕಾಶ ನಾಳೆಯೂ ಇರುತ್ತದೆ.