ಘನ ತಿರುಗಿಸಿದ ಮೇಲಿನ ಕೆಲಸ

2021ರಲ್ಲಿ ಕೆಡಿಇ ತಂಡ ತನ್ನ ಡೆಸ್ಕ್‌ಟಾಪಿನಿಂದ ಘನವನ್ನು ಕಿತ್ತುಹಾಕಿತು. ನಾಲ್ಕು ವರ್ಕ್‌ಸ್ಪೇಸ್‌ಗಳು ಒಂದು ಘನದ ನಾಲ್ಕು ಮುಖಗಳಾಗಿ ಗರಗರ ತಿರುಗುವ ಆ ಸೊಗಸು ಲಿನಕ್ಸ್ ಲೋಕದಲ್ಲಿ ಹೆಸರಾದದ್ದು 2006ರಲ್ಲಿ, ನೊವೆಲ್ ಕಂಪನಿಯ ಡೇವಿಡ್ ರೆವೆಮನ್ ಬರೆದ ಕಾಂಪಿಜ್ ಮೂಲಕ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆ ಘನ ನೋಡಿಯೇ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗಳ ಒಂದು ತಲೆಮಾರೇ ಇದೆ. ಕೆಡಿಇಯ ವಿಂಡೋ ಮ್ಯಾನೇಜರ್ ಆದ ಕೆ-ವಿನ್‌ಗೂ ಅದು ಬಂತು, ವರ್ಷಗಟ್ಟಲೆ ಉಳಿಯಿತು. ಅಂಥದ್ದನ್ನು ತೆಗೆದಾಗ ಬಳಕೆದಾರರಿಗೆ ಬೇಸರವಾದದ್ದು ಸಹಜ. ಆದರೂ ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕೋಡನ್ನು ಕಾಪಾಡಿಕೊಂಡು ಬರುವುದೆಂದರೆ ಎಂಥ ಕೆಲಸ ಎಂದು ತಿಳಿಯಬೇಕಾದವರಿಗೆ ಆ ನಿರ್ಧಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೆ-ವಿನ್‌ನಂಥ ಕಾಂಪೋಸಿಟರ್ ಮಾಡುವ ಕೆಲಸ ಕೇಳುವುದಕ್ಕೆ ಸರಳ. ಬ್ರೌಸರ್, ಟರ್ಮಿನಲ್, ಫೈಲ್ ಮ್ಯಾನೇಜರ್ ಹೀಗೆ ಪ್ರತಿ ಅಪ್ಲಿಕೇಶನ್ ತನ್ನ ಚಿತ್ರವನ್ನು ಮೆಮೊರಿಯ ಒಂದು ಬಫರಿನಲ್ಲಿ ಬರೆದು ಒಪ್ಪಿಸುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ನೋಡಿ, ನೆರಳು ಪಾರದರ್ಶಕತೆ ಸೇರಿಸಿ, ಎಲ್ಲವನ್ನೂ ಒಂದೇ ಚಿತ್ರವಾಗಿ ಹೆಣೆದು ಪರದೆಗೆ ಕಳಿಸುವುದು ಕಾಂಪೋಸಿಟರಿನ ಪಾಲು. 60 ಹರ್ಟ್ಸ್ ಪರದೆಗೆ ಇದು ಸೆಕೆಂಡಿಗೆ 60 ಸಲ ನಡೆಯಬೇಕು. ಒಂದು ಫ್ರೇಮಿಗೆ ಸಿಗುವ ವೇಳೆ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ವಿಂಡೋ ಎಳೆಯುವಾಗ ಜರ್ಕ್ ಹೊಡೆಯುತ್ತದೆ, ನೋಡುವವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಸರಳತೆ ಅಲ್ಲಿಗೇ ಮುಗಿಯುತ್ತದೆ. ಪ್ರತಿ ಫ್ರೇಮಿನಲ್ಲೂ ಇಡೀ ಪರದೆಯನ್ನು ಹೊಸದಾಗಿ ಬರೆದರೆ ಬ್ಯಾಟರಿ ಬೇಗ ಖಾಲಿ. ಅದಕ್ಕೇ ಬದಲಾದ ಭಾಗವನ್ನಷ್ಟೇ ಮತ್ತೆ ಬರೆಯುತ್ತಾರೆ. ಈ ಬದಲಾದ ಭಾಗವನ್ನು ಡೆವಲಪರ್‌ಗಳು ಡ್ಯಾಮೇಜ್ ಎನ್ನುತ್ತಾರೆ. ಟರ್ಮಿನಲ್ಲಿನಲ್ಲಿ ಕರ್ಸರ್ ಮಿನುಗಿದರೆ ಡ್ಯಾಮೇಜ್ ಒಂದು ಅಕ್ಷರದಷ್ಟು ಚೌಕ ಮಾತ್ರ. ಈಗ ಆ ಕರ್ಸರಿನ ಮೇಲೆ ಅರೆಪಾರದರ್ಶಕ ಪ್ಯಾನೆಲ್ ಒಂದು ಬಂದು ಕೂತಿದೆ, ಹಿಂದಿರುವುದನ್ನು ಮಸುಕಾಗಿಸಿ ತೋರಿಸುತ್ತಿದೆ ಎಂದುಕೊಳ್ಳಿ. ಮಸುಕಾಗಿಸುವುದೆಂದರೆ ಪ್ರತಿ ಪಿಕ್ಸೆಲ್ಲಿಗೂ ಅದರ ಸುತ್ತಲಿನ ಪಿಕ್ಸೆಲ್‌ಗಳ ಬಣ್ಣ ಬೆರೆಸುವುದು. ಹಾಗಾಗಿ ಒಂದು ಚೌಕ ಬದಲಾದರೆ ಅದರ ಸುತ್ತ ಹತ್ತಾರು ಪಿಕ್ಸೆಲ್ ದೂರದವರೆಗಿನ ಮಸುಕೂ ಬದಲಾಗುತ್ತದೆ. ಡ್ಯಾಮೇಜ್ ಚೌಕವನ್ನು ಅಷ್ಟು ಹಿಗ್ಗಿಸುವುದನ್ನು ಮರೆತರೆ ಪ್ಯಾನೆಲ್ ಹಿಂದೆ ಕೊಳೆಯಂಥ ಗೆರೆಗಳು ಉಳಿಯುತ್ತವೆ. ಪರದೆಗೆ ಎರಡು ಮೂರು ಬಫರ್‌ಗಳು ಸರದಿಯಲ್ಲಿ ಹೋಗುವುದರಿಂದ ಕೈಗೆ ಬಂದ ಬಫರಿನಲ್ಲಿ ಇರುವುದು ಎಷ್ಟು ಫ್ರೇಮ್ ಹಿಂದಿನ ಚಿತ್ರ ಎಂದೂ ಲೆಕ್ಕ ಇಡಬೇಕು. ಎರಡು ಮಾನಿಟರ್ ಇದ್ದು ಒಂದು 60, ಇನ್ನೊಂದು 144 ಹರ್ಟ್ಸ್ ಆದರೆ ಲೆಕ್ಕ ಎರಡಾಗುತ್ತದೆ. ಕೋಡ್ ಬರೆದವರು ಇದನ್ನೆಲ್ಲ ಒಮ್ಮೆ ಸರಿಮಾಡಿಬಿಡಬಹುದು. ಹೊಸ ಎಫೆಕ್ಟ್, ಹೊಸ ಡ್ರೈವರ್, ಹೊಸ ಮಾನಿಟರ್ ಬಂದಾಗಲೆಲ್ಲ ಅದು ಸರಿಯಾಗಿಯೇ ಇರುವಂತೆ ನೋಡಿಕೊಳ್ಳುವವರ ಪಾಡು ಬೇರೆ.

ಘನಕ್ಕೆ ಕುತ್ತು ಬಂದದ್ದು ಇಲ್ಲಿಯೇ. 2008ರ ಜನವರಿಯಲ್ಲಿ ಕೆಡಿಇ 4.0 ಬಂದಾಗ ಕೆ-ವಿನ್‌ಗೆ ಕಾಂಪೋಸಿಟಿಂಗ್ ಸೇರಿತ್ತು. ಅಂದು ಎಲ್ಲ ನಡೆಯುತ್ತಿದ್ದದ್ದು ಅಪ್ಲಿಕೇಶನ್‌ಗಳಿಗೂ ಪರದೆಗೂ ನಡುವೆ ನಿಲ್ಲುವ ಎಕ್ಸ್11 ಎಂಬ ಸರ್ವರ್ ವ್ಯವಸ್ಥೆಯ ಮೇಲೆ. ಅದೇ ವರ್ಷ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅದಕ್ಕೆ ಬದಲಿಯಾಗಿ ವೇಲ್ಯಾಂಡ್ ಶುರು ಮಾಡಿದರು. ವೇಲ್ಯಾಂಡಿನಲ್ಲಿ ಕಾಂಪೋಸಿಟರೇ ಯಜಮಾನ, ನಡುವೆ ಬೇರೆ ಸರ್ವರ್ ಇಲ್ಲ. ಆ ದಾರಿಗೆ ಹೊರಳಲು ಕೆ-ವಿನ್ ತನ್ನ ಚಿತ್ರಣದ ಬುನಾದಿಯನ್ನೇ ಬದಲಿಸಬೇಕಾಯಿತು. ಹಳೆಯ ಬುನಾದಿಗೆ ಅಂಟಿಕೊಂಡು, ನೋಡಿಕೊಳ್ಳುವವರಿಲ್ಲದೆ ನಿಂತಿದ್ದ ಘನ ಅಡ್ಡಬಂತು. ತಂಡ ಅದನ್ನು ತೆಗೆಯಿತು. 2024ರ ಫೆಬ್ರುವರಿಯಲ್ಲಿ ಕೆಡಿಇ ಡೆಸ್ಕ್‌ಟಾಪಿನ ಹೊಸ ಆವೃತ್ತಿ ಪ್ಲಾಸ್ಮಾ 6 ಹೊರಬಂದಾಗ ಘನವೂ ಮರಳಿತು, ಈ ಸಲ ಕ್ಯೂಟಿ ಲೈಬ್ರರಿಯ 3ಡಿ ಸೌಲಭ್ಯದ ಮೇಲೆ ಹೊಸದಾಗಿ ಕಟ್ಟಿದ್ದು. ಹಿಂದಿನ ಕೋಡನ್ನು ಹೇಗೋ ತೇಪೆ ಹಾಕಿ ಉಳಿಸಿಕೊಂಡಿದ್ದರೆ ಆ ಒಂದು ಎಫೆಕ್ಟಿಗಾಗಿ ಉಳಿದೆಲ್ಲವೂ ಕುಂಟಬೇಕಿತ್ತು. ಕೆಡಿಇ ತಂಡದ ಈ ಧೈರ್ಯ ದೊಡ್ಡದು. 2025ರ ಜೂನ್‌ನಲ್ಲಿ ಪ್ಲಾಸ್ಮಾ 6.4 ಬರುವಾಗ ಎಕ್ಸ್11 ಆವೃತ್ತಿಯನ್ನು ಬೇರೆಯೇ ಮನೆ ಮಾಡಿ ಕೂರಿಸಿದ್ದೂ ಅದೇ ಧೈರ್ಯದ ಮುಂದುವರಿಕೆ. ಅಲ್ಲಿಯವರೆಗೆ ಪ್ರತಿ ತಿದ್ದುಪಡಿಯನ್ನೂ ಎರಡು ಲೋಕಗಳಿಗೆ ಹೊಂದಿಸಿ ನೋಡಬೇಕಿತ್ತು.

ಈ ಧೈರ್ಯಕ್ಕೆ ಬೆಲೆ ತೆರುವವರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಕೆ-ವಿನ್‌ಗೆ ಹೊರಗಿನವರು ಸಿ++ನಲ್ಲಿ ಬರೆದ ಎಫೆಕ್ಟ್‌ಗಳು ಹೊಸ ಆವೃತ್ತಿ ಬಂದಾಗ ಮುರಿಯುತ್ತವೆ. ಒಳಗಿನ ಸ್ವಾತಂತ್ರ್ಯ ಉಳಿಸಿಕೊಳ್ಳಲು ತಂಡ ಹೊರಗಿನ ಹವ್ಯಾಸಿಗಳನ್ನು ದೂರ ಇಟ್ಟಂತಾಗಿದೆ. ಆ ಹವ್ಯಾಸಿಗಳಲ್ಲೇ ನಾಳಿನ ಮೇಂಟೇನರ್‌ಗಳು ಇರುತ್ತಾರೆ.

ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್ ಹಿಡಿದ ದಾರಿ ಬೇರೆ. ಗ್ನೋಮ್ 3 ಬಿಡುಗಡೆಯಾದದ್ದು 2011ರ ಏಪ್ರಿಲ್‌ನಲ್ಲಿ, ಗ್ನೋಮ್ ಏಷ್ಯಾ ಸಮ್ಮೇಳನ ಬೆಂಗಳೂರಿನಲ್ಲಿ ನಡೆದ ಅದೇ ದಿನಗಳಲ್ಲಿ. ಅದರ ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇಯ ಭಾರತೀಯ ಸಮ್ಮೇಳನ ನಡೆದಿತ್ತು. ಎರಡೂ ಬಳಗಗಳು ಕರ್ನಾಟಕದ ಬಾಗಿಲಿಗೇ ಬಂದಿದ್ದ ವರ್ಷ ಅದು. ಗ್ನೋಮ್ 3ರ ಕಾಂಪೋಸಿಟರ್ ಹೆಸರು ಮಟರ್. ಅದು ಆತುಕೊಂಡಿದ್ದ ಕ್ಲಟರ್, ಕೋಗಲ್ ಎಂಬ ಎರಡು ಲೈಬ್ರರಿಗಳ ಬೆಳವಣಿಗೆ ನಿಂತುಹೋದಾಗ, 2016ರಲ್ಲಿ ಮಟರ್ ತಂಡ ಅವನ್ನು ತನ್ನ ಮನೆಯೊಳಕ್ಕೇ ತಂದುಕೊಂಡಿತು. ಬೇರೆಯವರು ಕೈಬಿಟ್ಟ ಕೋಡನ್ನು ದತ್ತು ತೆಗೆದುಕೊಂಡು, ಬೇಡದ್ದನ್ನು ವರ್ಷಗಟ್ಟಲೆ ಕತ್ತರಿಸುತ್ತ ಬಂದ ಈ ತಾಳ್ಮೆಗೆ ಪತ್ರಿಕೆಗಳಲ್ಲಿ ಸುದ್ದಿಯಾಗುವ ಯೋಗ ಇಲ್ಲ.

ಅದೇ ತಾಳ್ಮೆ ಒಂದು ಕಡೆ ಅತಿಯಾಯಿತು. ಉಬುಂಟು ಹೊರತರುವ ಕ್ಯಾನೋನಿಕಲ್ ಕಂಪನಿಯ ಡೇನಿಯಲ್ ವಾನ್ ವುಗ್ಟ್ 2020ರಲ್ಲಿ ಮಟರ್‌ಗೆ ಒಂದು ತಿದ್ದುಪಡಿ ಮುಂದಿಟ್ಟರು. ಸಮಸ್ಯೆ ಇದು: ಸಾಧಾರಣ ಲ್ಯಾಪ್‌ಟಾಪಿನ ಇಂಟೆಲ್ ಗ್ರಾಫಿಕ್ಸ್ ಚಿಪ್ ಒಂದು ಫ್ರೇಮ್ ಮುಗಿಸಿ ಮುಂದಿನದಕ್ಕೆ ಕಾಯುತ್ತ ಕೂರುತ್ತದೆ. ಕೆಲಸ ಕಡಿಮೆ ಎಂದುಕೊಂಡು ಚಿಪ್‌ನ ವೇಗವನ್ನು ತಗ್ಗಿಸಲಾಗುತ್ತದೆ. ವೇಗ ತಗ್ಗಿದ್ದಕ್ಕೆ ಮುಂದಿನ ಫ್ರೇಮ್ 16.7 ಮಿಲಿಸೆಕೆಂಡಿಗೆ ಮುಗಿಯುವುದಿಲ್ಲ, ಇನ್ನೊಂದು ಸರದಿಗೆ ಕಾಯಬೇಕಾಗುತ್ತದೆ. 60 ಫ್ರೇಮ್ ಇದ್ದದ್ದು 30ಕ್ಕೆ ಇಳಿಯುತ್ತದೆ. ವಾನ್ ವುಗ್ಟ್ ಸೂಚಿಸಿದ ಪರಿಹಾರದಲ್ಲಿ ಕಾಂಪೋಸಿಟರ್ ಹಿಂದೆ ಬಿದ್ದಾಗ ಮಾತ್ರ ಮೂರನೇ ಬಫರ್ ಬಳಸಿ ಮುಂದಿನ ಫ್ರೇಮನ್ನು ಮೊದಲೇ ಆರಂಭಿಸುತ್ತದೆ. ಚಿಪ್‌ಗೆ ಬಿಡುವಿಲ್ಲದ್ದರಿಂದ ವೇಗ ತಾನಾಗಿ ಏರುತ್ತದೆ. ಸುಧಾರಿಸಿಕೊಂಡ ಮೇಲೆ ಎರಡೇ ಬಫರಿಗೆ ಮರಳುತ್ತದೆ, ಮೌಸಿನ ಚಲನೆಗೂ ಪರದೆಗೂ ನಡುವೆ ವಿಳಂಬ ಬೆಳೆಯುವುದಿಲ್ಲ. ಉಬುಂಟು ಇದನ್ನು 22.04ರಿಂದಲೇ ತನ್ನ ಪ್ಯಾಚ್ ಆಗಿ ಬಳಕೆದಾರರಿಗೆ ಕೊಟ್ಟಿತು. ಮಟರ್‌ನ ಮೂಲ ಕೋಡಿಗೆ ಅದು ಸೇರಿದ್ದು 2025ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 48ರಲ್ಲಿ. ಹತ್ತಿರ ಹತ್ತಿರ ಐದು ವರ್ಷ.

ತಿದ್ದುಪಡಿಯನ್ನು ಪರಿಶೀಲಿಸುವವರಿಗೆ ಆತಂಕ ಇದ್ದದ್ದು ನಿಜ, ಅದಕ್ಕೆ ಆಧಾರವೂ ಇತ್ತು. ಫ್ರೇಮಿನ ಸರದಿ ನಿರ್ಧರಿಸುವ ಕೋಡಿನಲ್ಲಿ ಒಂದು ಎಳೆ ತಪ್ಪಿದರೆ ಎಲ್ಲರ ಪರದೆಯೂ ತೊದಲುತ್ತದೆ. ಆದರೆ ಎಚ್ಚರಿಕೆಯ ಬೆಲೆಯನ್ನು ಯಾರು ತೆತ್ತರು ಎಂದೂ ಕೇಳಬೇಕು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಈ ಸಮಸ್ಯೆ ಅಷ್ಟಾಗಿ ಕಾಣಲಿಲ್ಲ. ಹೆಚ್ಚಾಗಿ ಕಂಡದ್ದು ಹಳೆಯ ಇಂಟೆಲ್ ಚಿಪ್ ಇರುವ ಕಂಪ್ಯೂಟರ್‌ಗಳಲ್ಲಿ. ನಮ್ಮ ಜಿಲ್ಲಾ ಕೇಂದ್ರಗಳ ಲ್ಯಾಬುಗಳಲ್ಲೂ ಮನೆಗಳಲ್ಲೂ ಸಿಗುವುದು ಅಂಥವೇ. ಒಂದು ಹಂತದ ನಂತರ ಈ ಕಾಯುವಿಕೆ ಗುಣಮಟ್ಟದ ಕಾಳಜಿಯಾಗಿ ಉಳಿಯಲಿಲ್ಲ, ಪರಿಶೀಲಿಸುವ ಕೈಗಳ ಕೊರತೆಯಾಯಿತು. ಮಟರ್‌ನ ಒಳಹೊರಗು ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ.

ಕನ್ನಡ ಓದುವವರಿಗೆ ಈ ಕೊರತೆ ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ಅಕ್ಷರ ಬರೆಯುವುದು ಕಾಂಪೋಸಿಟರ್ ಅಲ್ಲ. ‘ಸ್ತ್ರೀ’ ಎಂಬಲ್ಲಿ ತ, ರ ಎರಡನ್ನೂ ಸಕಾರದ ಜೊತೆ ಒತ್ತುಗಳಾಗಿ ಕೂರಿಸುವುದು ಹಾರ್ಫ್‌ಬಜ್‌ನಂಥ ಲೈಬ್ರರಿ. ಆದರೆ ಪರದೆಯನ್ನು 150 ಪ್ರತಿಶತಕ್ಕೆ ಹಿಗ್ಗಿಸಿಕೊಂಡಾಗ ಕತೆ ಬೇರೆ. ಹಳೆಯ ಎಕ್ಸ್11 ಅಪ್ಲಿಕೇಶನ್ ಚಿಕ್ಕ ಗಾತ್ರದಲ್ಲೇ ಬರೆದು ಕೊಟ್ಟ ಚಿತ್ರವನ್ನು ಕಾಂಪೋಸಿಟರ್ ಎಳೆದು ದೊಡ್ಡದು ಮಾಡಿದರೆ ಎಲ್ಲ ಅಕ್ಷರಗಳೂ ಮಸುಕಾಗುತ್ತವೆ. ಇಂಗ್ಲಿಷಿನ ದೊಡ್ಡ ಗೆರೆಗಳು ಆ ಮಸುಕನ್ನು ತಡೆದುಕೊಳ್ಳುತ್ತವೆ. ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಕೂತ ಒತ್ತಕ್ಷರ ತಡೆದುಕೊಳ್ಳುವುದಿಲ್ಲ, ಸುರುಳಿ ತುಂಬಿಕೊಂಡು ಚುಕ್ಕೆಯಾಗುತ್ತದೆ. 2022ರ ಅಕ್ಟೋಬರ್‌ನ ಪ್ಲಾಸ್ಮಾ 5.26 ಇಂಥ ಅಪ್ಲಿಕೇಶನ್‌ಗಳು ತಾವೇ ದೊಡ್ಡದಾಗಿ ಬರೆದುಕೊಳ್ಳುವ ಆಯ್ಕೆ ಕೊಟ್ಟಿತು. ಅದೇ ವರ್ಷದ ಕೊನೆಗೆ ವೇಲ್ಯಾಂಡಿಗೆ ಭಿನ್ನಾಂಕದ ಹಿಗ್ಗಿಸುವಿಕೆಯ ಪ್ರೋಟೊಕಾಲ್ ಸೇರಿತು. ಕನ್ನಡಿಗರಿಗೆ ಅತ್ಯಂತ ಉಪಕಾರಿಯಾದ ಈ ಎರಡು ಬದಲಾವಣೆಗಳನ್ನು ಮಾಡಿದವರ ಮುಂದೆ ಕನ್ನಡ ಇರಲಿಲ್ಲ.

ಕಟ್ಟಿದ್ದನ್ನು ಕಾಪಾಡಿಕೊಂಡು ಬರುವುದೇ ದೊಡ್ಡ ಕೆಲಸ ಎಂಬುದು ದಾವಣಗೆರೆಯ ಪಕ್ಕದ ಹರಿಹರಕ್ಕೆ ಬೇಗ ಅರ್ಥವಾಗಬೇಕಾದ ಮಾತು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅದರ ಲೇತ್‌ಗಳು ಎಷ್ಟೋ ವರ್ಕ್‌ಶಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ. ಲೇತ್‌ನ ಬೆಡ್ ಹೆಚ್ಚು ಸವೆಯುವುದು ಚಕ್ ಪಕ್ಕದಲ್ಲಿ, ದಿನವೂ ಕೆಲಸ ನಡೆಯುವ ಜಾಗದಲ್ಲಿ. ಬಲ್ಲ ಫಿಟ್ಟರ್ ಅಲ್ಲಿಂದಲೇ ಪರೀಕ್ಷೆ ಶುರು ಮಾಡುತ್ತಾನೆ. ಕಾಂಪೋಸಿಟರಿನಲ್ಲೂ ಹಾಗೆಯೇ, ಸವೆಯುವುದು ದಿನವೂ ಓಡುವ ಫ್ರೇಮಿನ ಹಾದಿ.

ಆದರೆ ದಾವಣಗೆರೆಯ ಕಾಲೇಜುಗಳು ಮಕ್ಕಳಿಗೆ ಕಲಿಸುವುದು ಕಟ್ಟುವುದನ್ನು ಮಾತ್ರ. 1951ರ ಯುಬಿಡಿಟಿ, 1979ರ ಬಿಐಇಟಿ ಎರಡೂ ವಿಟಿಯು ಪಠ್ಯಕ್ರಮದಡಿ ಬಂದವು. 2018ರ ಪಠ್ಯಕ್ರಮದ ಆರನೇ ಸೆಮಿಸ್ಟರ್ ಗ್ರಾಫಿಕ್ಸ್ ಲ್ಯಾಬಿನಲ್ಲಿ ಬ್ರೆಸೆನ್‌ಹ್ಯಾಮ್ ರೇಖೆ, ಮೇಜಿನ ಮೇಲಿನ ಟೀ ಪಾಟ್, ಬೆಜಿಯರ್ ವಕ್ರರೇಖೆಯ ಬಾವುಟ, ತಿರುಗುವ ಬಣ್ಣದ ಘನ ಎಲ್ಲ ಇದ್ದವು, ಜೊತೆಗೊಂದು ಮಿನಿ ಪ್ರಾಜೆಕ್ಟ್. ಗಣಿತ ತಿಳಿಯಲು ಆ ಪ್ರಯೋಗಗಳು ಒಳ್ಳೆಯವೇ. ಆದರೆ ಲ್ಯಾಬ್ ಕೈಪಿಡಿಗಳು ಬಳಸುತ್ತಿದ್ದ ಹಳೆಯ ಓಪನ್‌ಜಿಎಲ್ ಆಜ್ಞೆಗಳನ್ನು ಕೈಬಿಡುವುದಾಗಿ 2008ರಲ್ಲೇ ಘೋಷಿಸಿ, 2009ರ 3.1 ಆವೃತ್ತಿಯಲ್ಲಿ ತೆಗೆಯಲಾಗಿತ್ತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ವಿದ್ಯಾರ್ಥಿ ಬರೆದ ಕೋಡ್ ಪರೀಕ್ಷೆಯ ದಿನವೇ ಸಾಯುತ್ತದೆ. ಬೇರೆಯವರ ಕೋಡ್ ಓದುವುದು, ದೋಷವನ್ನು ಮತ್ತೆ ಮತ್ತೆ ತೋರಿಸಿ ಅದರ ಮೂಲ ಹಿಡಿಯುವುದು, ಯಾವುದನ್ನು ತೆಗೆದುಹಾಕಬೇಕೆಂದು ವಾದಿಸಿ ಗೆಲ್ಲುವುದು ಆ ಅಂಕಪಟ್ಟಿಯಲ್ಲಿ ಎಲ್ಲೂ ಇಲ್ಲ. 2021ರ ಪಠ್ಯಕ್ರಮ ಗ್ರಾಫಿಕ್ಸ್ ಜೊತೆಗೆ ಇಮೇಜ್ ಪ್ರೊಸೆಸಿಂಗ್ ಸೇರಿಸಿ ಓಪನ್‌ಸಿವಿ ತಂದಿತು, ಈ ಕೊರತೆಯನ್ನು ಮುಟ್ಟಲಿಲ್ಲ.

ಕೆ-ವಿನ್, ಮಟರ್ ಎರಡರ ಕೋಡೂ ಪೂರ್ತಿ ತೆರೆದಿದೆ. ದೋಷಗಳ ಪಟ್ಟಿ, ಪರಿಶೀಲನೆಯ ಚರ್ಚೆ ಯಾರಿಗಾದರೂ ಓದಲು ಸಿಗುತ್ತವೆ, ಓಡಿಸಿ ನೋಡಲು ಹಳೆಯ ಲ್ಯಾಪ್‌ಟಾಪ್ ಸಾಕು. ದಾವಣಗೆರೆಯ ಗ್ರಾಫಿಕ್ಸ್ ಅಧ್ಯಾಪಕರು ಮುಂದಿನ ಸೆಮಿಸ್ಟರಿನಲ್ಲಿ ಒಂದು ತಂಡಕ್ಕಾದರೂ ಹೊಸ ಘನದ ಬದಲು ಹಳೆಯ ದೋಷವೊಂದನ್ನು ಕೊಡಲಿ. 125 ಪ್ರತಿಶತ, 150 ಪ್ರತಿಶತದಲ್ಲಿ ಕನ್ನಡ ಒತ್ತಕ್ಷರ ಎಲ್ಲೆಲ್ಲಿ ಮಸುಕಾಗುತ್ತದೆ ಎಂದು ಪರೀಕ್ಷಿಸಿ, ಚಿತ್ರ ಸಹಿತ ವರದಿ ಸಲ್ಲಿಸುವುದೇ ಒಳ್ಳೆಯ ಆರಂಭ. ಆ ವರದಿಯನ್ನು ಕನ್ನಡ ಓದಬಲ್ಲವರು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.