ಏರ್‌ಬ್ಯಾಗಿನ ಲೆಕ್ಕ, ಬೆಲ್ಟಿನ ಮರೆವು

ಕಾರು ಕೊಳ್ಳುವವರು ಮೈಲೇಜ್ ಒಂದನ್ನೇ ಕೇಳುತ್ತಿದ್ದ ಕಾಲ ಹೋಯಿತು. ಈಗ ಷೋರೂಮಿಗೆ ಬಂದ ಗಿರಾಕಿ ಎಷ್ಟು ಏರ್‌ಬ್ಯಾಗ್ ಇವೆ ಎಂದೂ ವಿಚಾರಿಸುತ್ತಾನೆ. ಎರಡೇ ಅಂದರೆ ಮುಖ ಸಣ್ಣಗಾಗುತ್ತದೆ, ಆರು ಅಂದರೆ ಸಮಾಧಾನ. ಜೀವದ ಬೆಲೆ ಅರಿತ ಈ ಪ್ರಶ್ನೆ ಒಳ್ಳೆಯದೇ. ಆದರೆ ಅದೇ ಕಾರು ಮನೆಗೆ ಬಂದ ವಾರದೊಳಗೆ ಹಿಂದಿನ ಸೀಟಿನ ಬೆಲ್ಟಿನ ಬಕಲ್‌ಗಳು ಹೊಸ ಸೀಟ್ ಕವರಿನ ಅಡಿ ಸೇರಿಬಿಡುತ್ತವೆ. ಹಾಗಾಗಿ ಏರ್‌ಬ್ಯಾಗ್ ಎಂಬ ಸಾಧನವನ್ನೂ ಅದನ್ನು ನಾವು ಬಳಸುತ್ತಿರುವ ರೀತಿಯನ್ನೂ ಬೇರೆಬೇರೆಯಾಗಿ ತೂಗಬೇಕು. ಸಾಧನ ಗೆದ್ದಿದೆ, ನಮ್ಮ ಬಳಕೆ ಸೋತಿದೆ ಎಂಬುದು ನನ್ನ ತೀರ್ಮಾನ.

ಮೊದಲು ಸಾಧನದ ಮಾತು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗಟ್ಟಿ ಗೋಡೆಗೆ ಗುದ್ದಿದರೆ ಎಲ್ಲವೂ ಮುಗಿಯಲು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ಕಾರಿನ ಮೂತಿ ನಜ್ಜುಗುಜ್ಜಾಗುತ್ತ ನಿಲ್ಲುತ್ತದೆ, ಒಳಗೆ ಕೂತವರ ಮೈ ಮಾತ್ರ ಮೊದಲಿನ ವೇಗದಲ್ಲೇ ಮುಂದಕ್ಕೆ ನುಗ್ಗುತ್ತಿರುತ್ತದೆ. ಇದು ರಸ್ತೆಗುಂಡಿಯ ಎತ್ತಾಟವೋ ನಿಜವಾದ ಡಿಕ್ಕಿಯೋ ಎಂದು ಸೆನ್ಸರು ಮತ್ತು ಕಂಪ್ಯೂಟರು ಸುಮಾರು 15ರಿಂದ 20 ಮಿಲಿಸೆಕೆಂಡಿನಲ್ಲಿ ತೀರ್ಮಾನಿಸಬೇಕು. ತೀರ್ಮಾನ ಆದೊಡನೆ ಇನ್‌ಫ್ಲೇಟರಿನೊಳಗಿನ ರಾಸಾಯನಿಕ ಹೊತ್ತಿಕೊಂಡು ಅನಿಲ ಹೊಮ್ಮುತ್ತದೆ. ಸ್ಟಿಯರಿಂಗ್ ನಡುವಿನ ಮುಚ್ಚಳ ಮೊದಲೇ ತೆಳುಮಾಡಿಟ್ಟ ಗೆರೆಯಗುಂಟ ಸೀಳುತ್ತದೆ. ಇನ್ನೊಂದು 30 ಮಿಲಿಸೆಕೆಂಡಿನಲ್ಲಿ ನೈಲಾನ್ ಚೀಲ ತುಂಬಿ ನಿಲ್ಲುತ್ತದೆ. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಇದರ ನಿಜವಾದ ಜಾಣ್ಮೆ ಇರುವುದು ಉಬ್ಬಿದ ಮೇಲೆ ಕುಗ್ಗುವುದರಲ್ಲಿ. ಚೀಲದ ಹಿಂಬದಿಯ ತೂತುಗಳಿಂದ ಅನಿಲ ಹೊರಗೆ ಹೋಗುತ್ತಿರುತ್ತದೆ. ತಲೆ ಬಂದು ತಾಗಿದಾಗ ಚೀಲ ಮೆಲ್ಲನೆ ಸೋತು ಕೊಡುತ್ತದೆ. ಒಂದೇ ಜಾಗಕ್ಕೆ ಬೀಳಬೇಕಿದ್ದ ಪೆಟ್ಟು ಮುಖ, ಎದೆಯ ತುಂಬ ಹರಡುತ್ತದೆ. ತಲೆ ನಿಲ್ಲಲು ಸಿಗುವ ದೂರ ಕೆಲವು ಅಂಗುಲ ಹೆಚ್ಚಾಗುತ್ತದೆ. ಸಾವು, ಗಾಯಗಳ ನಡುವಿನ ಅಂತರ ಆ ಕೆಲವು ಅಂಗುಲಗಳದ್ದು.

ಆದರೆ ಈ ಲೆಕ್ಕವೆಲ್ಲ ಕೂಡಿಬರುವುದು ಮೈ ತನ್ನ ಜಾಗದಲ್ಲಿ ಇದ್ದಾಗ. ಬೆಲ್ಟ್ ಹಾಕದವನು ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಜಾರಿ ಸ್ಟಿಯರಿಂಗಿನ ಹತ್ತಿರ ಹೋಗಿರುತ್ತಾನೆ. ಅಷ್ಟರಲ್ಲಿ ಚೀಲ ಸಿಡಿಯುತ್ತದೆ. ತುಂಬಿ ನಿಂತ ಚೀಲಕ್ಕೆ ಒರಗಬೇಕಾದವನಿಗೆ ಸಿಡಿಯುತ್ತಿರುವ ಚೀಲವೇ ಬಂದು ಬಡಿಯುತ್ತದೆ. ಎದೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ. ಅಂತರ ಇರಲಿ ಎಂದು ತಜ್ಞರು ಹೇಳುವುದು ಇದಕ್ಕೇ.

ಬೆಲ್ಟಿಗೆ ಬದಲಾಗಿ ಏರ್‌ಬ್ಯಾಗ್ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. ಅಲ್ಲಿನ ಜಾನ್ ಹೆಟ್ರಿಕ್‌ಗೆ ಇಂಥ ಸಾಧನದ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಮುಂದೆ ಕಾನೂನು ಬಂದಾಗ ಬಹುಪಾಲು ಜನ ಬೆಲ್ಟ್ ಹಾಕುತ್ತಿರಲಿಲ್ಲ. ಬೆಲ್ಟ್ ಇಲ್ಲದ ಸರಾಸರಿ ಗಂಡಸಿನ ಗಾತ್ರದ ಬೊಂಬೆಯನ್ನೂ ಏರ್‌ಬ್ಯಾಗ್ ಕಾಪಾಡಬೇಕು ಎಂದು ಪರೀಕ್ಷೆಯ ನಿಯಮ ಕೇಳಿತು. ಅದಕ್ಕಾಗಿ ಚೀಲಗಳಿಗೆ ವಿಪರೀತ ಬಲ ತುಂಬಿದರು. ಫಲ ಉಂಡವರು ಮಕ್ಕಳು ಮತ್ತು ಗಿಡ್ಡ ಮೈಕಟ್ಟಿನ ಹೆಂಗಸರು. 1990ರಿಂದ 2008ರವರೆಗೆ ಕಡಿಮೆ ವೇಗದ ಡಿಕ್ಕಿಗಳಲ್ಲಿ ಏರ್‌ಬ್ಯಾಗಿನ ಹೊಡೆತಕ್ಕೇ 290ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬೆಲ್ಟ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. 1997ರಲ್ಲಿ ನಿಯಮ ಸಡಿಲಿಸಿ ಬಲ ತಗ್ಗಿಸಿದ ಮೇಲೆ ಇಂಥ ಸಾವು ಇಳಿಯಿತು. ಆ ದೇಶದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ 1987ರಿಂದ 2017ರೊಳಗೆ ಮುಂಭಾಗದ ಏರ್‌ಬ್ಯಾಗ್ ಉಳಿಸಿದ ಜೀವ 50 ಸಾವಿರಕ್ಕೂ ಹೆಚ್ಚು. ಲಾಭವೇ ಎಷ್ಟೋ ಪಾಲು ದೊಡ್ಡದು, ನಿಜ. ಆದರೂ ಆ ಸಾವುಗಳು ಕಲಿಸಿದ ಪಾಠ ಮರೆಯುವಂಥದ್ದಲ್ಲ.

ಸಾಧನದ ಇನ್ನೊಂದು ಕಳಂಕ ಜಪಾನಿನ ತಕಾಟ ಕಂಪನಿಯದು. ಅದರ ಇನ್‌ಫ್ಲೇಟರುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವ ಕುಡಿದು ಕೆಟ್ಟು, ಬೇಕಾದ್ದಕ್ಕಿಂತ ಜೋರಾಗಿ ಸಿಡಿದು ಲೋಹದ ಚೂರುಗಳನ್ನು ಎರಚಿತು. ಕೋಟಿಗಟ್ಟಲೆ ಕಾರುಗಳನ್ನು ವಾಪಸು ಕರೆಸಬೇಕಾಯಿತು, 2017ರಲ್ಲಿ ಕಂಪನಿ ದಿವಾಳಿಯಾಯಿತು. ನಮ್ಮ ಕರಾವಳಿಯಂಥ ಸೆಕೆಯ ಸೀಮೆಯಲ್ಲಿ ಹಳೆಯ ಕಾರು ಓಡಿಸುವವರು ಕಂಪನಿಯಿಂದ ರೀಕಾಲ್ ಪತ್ರ ಬಂದರೆ ಉದಾಸೀನ ಮಾಡಲೇಬಾರದು.

ಇನ್ನು ನಮ್ಮ ಬಳಕೆ. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದ ಸೀಟಿನದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ. 2022ರ ಜನವರಿಯಲ್ಲಿ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು ನಿಯಮ ಬಂತು. ಆ ವರ್ಷ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಯ ತಡೆಗೋಡೆಗೆ ಗುದ್ದಿತು. ಮುಂದೆ ಕೂತ ಇಬ್ಬರು ಗಾಯಗೊಂಡು ಬದುಕಿದರು, ಹಿಂದೆ ಕೂತ ಇಬ್ಬರೂ ಸತ್ತರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ದುಬಾರಿ ಕಾರು, ಬೇಕಾದಷ್ಟು ಏರ್‌ಬ್ಯಾಗ್, ಆದರೆ ಬೆಲ್ಟ್ ಇಲ್ಲ. ಆರು ಏರ್‌ಬ್ಯಾಗಿನ ನಿಯಮ ಅದೇ ತಿಂಗಳಲ್ಲಿ ಒಂದು ವರ್ಷ ಮುಂದಕ್ಕೆ ಹೋಯಿತು. 2023ರಲ್ಲಿ ಸಚಿವ ನಿತಿನ್ ಗಡ್ಕರಿ ಕಡ್ಡಾಯ ಮಾಡುವುದಿಲ್ಲ ಎಂದರು. ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ಕೊಡುವ ನಕ್ಷತ್ರಗಳನ್ನು ನೋಡಿ ಜನ ಕೊಳ್ಳುತ್ತಾರೆ, ಪೈಪೋಟಿ ಸಾಕು ಎಂಬುದು ವಾದ.

ಈ ವಾದ ನನಗೆ ಒಪ್ಪಿಗೆಯಿಲ್ಲ. ಮುಂಭಾಗದ ಡಿಕ್ಕಿಯಲ್ಲಿ ಬಾನೆಟ್ ಮಡಚಿ ಪೆಟ್ಟು ನುಂಗುತ್ತದೆ. ಪಕ್ಕದಿಂದ ಗುದ್ದಿದರೆ ನಡುವೆ ಇರುವುದು ಒಂದು ಬಾಗಿಲು ಮಾತ್ರ. ಅಲ್ಲಿ ತಲೆ ಕಾಯುವುದು ಕಿಟಕಿಯುದ್ದಕ್ಕೂ ಇಳಿಯುವ ಕರ್ಟನ್ ಏರ್‌ಬ್ಯಾಗ್. ಅದನ್ನು ದುಬಾರಿ ವೇರಿಯಂಟಿಗೆ ಮೀಸಲಿಟ್ಟರೆ ಕಡಿಮೆ ಬೆಲೆಯ ಕಾರಿನವನ ತಲೆಗೆ ಕಡಿಮೆ ಬೆಲೆ ಕಟ್ಟಿದಂತೆ. ಆದರೆ ಆರು ಏರ್‌ಬ್ಯಾಗ್ ಕಡ್ಡಾಯವಾದರೂ ಹಿಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಹಿಂದೆ ಕೂತವರ ಎದುರಿಗೆ ಏರ್‌ಬ್ಯಾಗೇ ಇರುವುದಿಲ್ಲ. ಅವರಿಗಿರುವ ಆಸರೆ ಬೆಲ್ಟ್ ಒಂದೇ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಾಲುಗಟ್ಟಿದ ಕಾರು ಆಕ್ಸೆಸರಿ ಅಂಗಡಿಗಳನ್ನು ನೋಡಿದರೆ ನಮ್ಮ ತಪ್ಪುಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಸೈಡ್ ಏರ್‌ಬ್ಯಾಗ್ ಹೊರಬರುವ ಸೀಟಿನ ಅಂಚನ್ನು ಬಿಗಿಯಾಗಿ ಹೊಲಿದುಬಿಡುವ ಸೀಟ್ ಕವರ್. ಡಿಕ್ಕಿಯ ಪೆಟ್ಟು ಸೆನ್ಸರಿಗೆ ತಲುಪುವ ರೀತಿಯನ್ನೇ ಬದಲಿಸುವ ಬುಲ್‌ಗಾರ್ಡ್. ಇದರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಬೆಲ್ಟ್ ಹಾಕದೆಯೂ ಬೀಪ್ ಸದ್ದು ಅಡಗಿಸುವ ಕ್ಲಿಪ್. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಇದನ್ನು ತೆಗೆಸಲು ಆದೇಶಿಸಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಮುಚ್ಚಳದ ಮೇಲೆಯೇ ಡಬಲ್ ಟೇಪಿನಲ್ಲಿ ಅಂಟಿಸಿದ ಗಣಪತಿ ವಿಗ್ರಹ. ಭಕ್ತಿಗೆ ಬೇರೆ ಜಾಗ ಕಾರಿನಲ್ಲಿ ಬೇಕಾದಷ್ಟಿದೆ. ಚೀಲ ಸಿಡಿದಾಗ ಆ ವಿಗ್ರಹ ಎದುರಿಗೆ ಕೂತವರ ಮುಖಕ್ಕೇ ಹಾರುತ್ತದೆ. ಇವೆಲ್ಲಕ್ಕಿಂತ ಅಪಾಯ ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಮಗುವನ್ನು ಕೂರಿಸಿಕೊಳ್ಳುವುದು. ಅಪ್ಪ ಅಮ್ಮನ ತೋಳು ಎಷ್ಟೇ ಗಟ್ಟಿಯಾಗಿರಲಿ, ಚೀಲದ ಹೊಡೆತವನ್ನು ತಡೆಯಲಾರದು. ಮಕ್ಕಳ ಜಾಗ ಹಿಂದಿನ ಸೀಟು, ಅಲ್ಲೂ ವಯಸ್ಸಿಗೆ ತಕ್ಕ ಚೈಲ್ಡ್ ಸೀಟು.

ಏರ್‌ಬ್ಯಾಗಿಗೆ ಮಿತಿಯೂ ಇದೆ. 2024ರ ಡಿಸೆಂಬರಿನಲ್ಲಿ ನೆಲಮಂಗಲ ಬಳಿ ಕಂಟೇನರ್ ಲಾರಿ ಮಗುಚಿಬಿದ್ದು ಕಾರಿನಲ್ಲಿದ್ದ ಒಂದೇ ಕುಟುಂಬದ ಆರು ಮಂದಿ ಸತ್ತರು. ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದ ಕಂಪನಿಯ ದೊಡ್ಡ ಕಾರು ಅದು. ಮೇಲಿಂದ ಬಿದ್ದ ಅಂಥ ಭಾರಕ್ಕೆ ಯಾವ ಚೀಲವೂ ಉತ್ತರವಲ್ಲ. ಲಾರಿಯ ಸ್ಥಿತಿ, ರಸ್ತೆಯ ವಿನ್ಯಾಸ, ವೇಗದ ಹಿಡಿತ ಇವು ಸರಿಯಾಗದೆ ಕಾರು ಕೊಂಡವನ ಹಣವೊಂದೇ ಅವನನ್ನು ಕಾಯಲಾರದು.

ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ ಎಂಬ ನಿಯಮ ಪುಸ್ತಕದಲ್ಲಿದೆ, ಮುರಿದರೆ ಸಾವಿರ ರೂಪಾಯಿ ದಂಡವೂ ಇದೆ. ಅದನ್ನು ಹೆದ್ದಾರಿಯಲ್ಲೂ ಊರೊಳಗೂ ಜಾರಿ ಮಾಡಬೇಕು. ಆರು ಏರ್‌ಬ್ಯಾಗ್ ಎಲ್ಲ ಕಾರಿಗೂ ಬರಬೇಕು. ಡ್ರೈವಿಂಗ್ ಸ್ಕೂಲಿನಲ್ಲಿ ಗೇರು, ಕ್ಲಚ್ಚಿನ ಜೊತೆ ಸೀಟಿನ ಅಂತರ ಹೊಂದಿಸುವುದನ್ನೂ ಹೇಳಿಕೊಡಬೇಕು. ಷೋರೂಮಿನಲ್ಲಿ ಏರ್‌ಬ್ಯಾಗ್ ಎಣಿಸುವವರು ಹಿಂದಿನ ಮಧ್ಯದ ಸೀಟಿಗೆ ಮೂರು ಬಿಂದುವಿನ ಬೆಲ್ಟ್ ಇದೆಯೇ ಎಂದೂ ಕೇಳಬೇಕು. ಏರ್‌ಬ್ಯಾಗ್ ಒಂದು ಶ್ರೇಷ್ಠ ಸಾಧನ, ಅದಕ್ಕೆ ಪೂರ್ತಿ ಅಂಕ ಕೊಡಲು ನನಗೆ ಅಡ್ಡಿಯಿಲ್ಲ. ಬಕಲ್ ಹಾಕುವ ಎರಡು ಸೆಕೆಂಡಿನ ಕೆಲಸವನ್ನು ಮಾತ್ರ ಅದು ನಮ್ಮ ಪರವಾಗಿ ಮಾಡಿಕೊಡಲಾರದು.