ಲೆಕ್ಕ ಒಪ್ಪಿಸುವವರು ಯಾರು? ಎರಿಕ್‌ಸನ್ನರ ಎಂಟನೇ ಹಂತ ಮತ್ತು ಕೆತ್ತಿ ಕಣಿವೆಯ ಮುಪ್ಪು

ಇಲ್ಲಿ ಕೆತ್ತಿಯಲ್ಲಿ ಮಳೆ, ನೆಟ್‌ವರ್ಕ್ ಹೋಗಿ ಬಂದು ಮಾಡ್ತಾ ಇದೆ. ಧ್ವನಿ ಕಡಿದರೆ ದಯವಿಟ್ಟು ಚಾಟ್‌ನಲ್ಲಿ ಹೇಳಿ.

ಜೀವನಾವಧಿ ವಿಕಾಸದಲ್ಲಿ ನಾವೆಲ್ಲ ಓದುವ ಎರಿಕ್ ಎರಿಕ್‌ಸನ್ನರ ಎಂಟು ಹಂತಗಳಲ್ಲಿ ಕೊನೆಯದು ಸಮಗ್ರತೆ ಮತ್ತು ಹತಾಶೆ. 1950ರ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ಯಲ್ಲಿ ಅದು ಬರುತ್ತದೆ. ವಯಸ್ಸಾದವರು ಹಿಂತಿರುಗಿ ನೋಡಿ, ಬದುಕಿದ್ದನ್ನು ತನ್ನದೇ ಎಂದು ಒಪ್ಪಿಕೊಂಡರೆ ಸಮಗ್ರತೆ; ಆಗದಿದ್ದರೆ ಹತಾಶೆ. 1963ರಲ್ಲಿ ರಾಬರ್ಟ್ ಬಟ್ಲರ್ ಈ ಹಿನ್ನೋಟವನ್ನು ‘ಜೀವನ ಪರಾಮರ್ಶೆ’ ಎಂದು ಕರೆದರು. ಇಬ್ಬರಲ್ಲೂ ಲೆಕ್ಕ ನೋಡುವವರು ಆ ಹಿರಿಯರೇ, ಅದೂ ಬದುಕಿರುವಾಗಲೇ. ನನ್ನ ತಕರಾರು ಇಲ್ಲಿದೆ.

ಪ್ರಬಂಧಕ್ಕಾಗಿ ನಾನು ಡೀನರ್ ಮತ್ತು ಸಂಗಡಿಗರ 1985ರ ಜೀವನ ತೃಪ್ತಿ ಮಾಪನ ಹಿಡಿದು ನಮ್ಮ ಹಟ್ಟಿಯ ಹಿರಿಯರ ಹತ್ತಿರ ಹೋದೆ. ಐದೇ ಹೇಳಿಕೆ, ಒಂದರಿಂದ ಏಳರವರೆಗೆ ಅಂಕ. ಮತ್ತೊಮ್ಮೆ ಬದುಕಲು ಸಿಕ್ಕರೆ ಏನನ್ನಾದರೂ ಬದಲಿಸುತ್ತೀರಾ ಅನ್ನುವ ಅರ್ಥದ ಕೊನೆಯ ಹೇಳಿಕೆಗೆ ನನ್ನ ಹೆತ್ತೆ (ಬಡಗರಲ್ಲಿ ಅಜ್ಜಿಯನ್ನು ಹಾಗೇ ಕರೀತೀವಿ) ನಕ್ಕುಬಿಟ್ಟರು. “ಅದನ್ನ ನಾನು ಹೇಳೋದಾ? ನಾನು ಹೋದ ಮೇಲೆ ನೀವು ಹೇಳಬೇಕು” ಅಂದರು. ಯಾವ ಅಂಕ ಹಾಕಲಿ?

ಅವರು ತಮಾಷೆ ಮಾಡಲಿಲ್ಲ. ಬಡಗರ ಶವಸಂಸ್ಕಾರದಲ್ಲಿ ಹಿರಿಯನೊಬ್ಬ ಸತ್ತವರ ಪಾಪಗಳನ್ನು ಗಟ್ಟಿಯಾಗಿ ಒಂದೊಂದಾಗಿ ಹೇಳುತ್ತಾನೆ, ನೆರೆದವರು ದನಿಗೂಡಿಸುತ್ತಾರೆ. ಗಡಿಕಲ್ಲು ಸರಿಸಿದ್ದು, ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದ್ದು, ಹರಿಯುವ ಹಾವನ್ನು ಕೊಂದದ್ದು, ಹೀಗೆ. ಸಾವಿರದ ಮುನ್ನೂರು ಪಾಪ ಎನ್ನುವುದು ಅಲ್ಲಿನ ಲೆಕ್ಕ. ಹಿಂದೆ ಆ ಪಾಪವನ್ನು ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುತ್ತಿದ್ದರೆಂದು ಥರ್ಸ್ಟನ್ 1909ರಲ್ಲಿ ಬರೆದಿದ್ದಾರೆ. ಅಂದರೆ ಇಲ್ಲಿ ಕೊನೆಯ ಪರಾಮರ್ಶೆ ವ್ಯಕ್ತಿಯ ಕೆಲಸವೇ ಅಲ್ಲ, ಉಳಿದವರ ಕೆಲಸ. ಎಂಟನೇ ಹಂತ ಮುಗಿಯುವಾಗ ಅದರ ನಾಯಕಿ ಇರುವುದೇ ಇಲ್ಲ!

ಹಂತಗಳ ಅನುಕ್ರಮವೂ ಅಲ್ಲಾಡುತ್ತದೆ. ಎರಿಕ್‌ಸನ್ನರಲ್ಲಿ ಆರನೆಯದು ಆಪ್ತತೆ, ಆಮೇಲೆ ಏಳನೆಯದು ಮುಂದಿನ ಪೀಳಿಗೆಯ ಪೋಷಣೆ. ಬಡಗರ ಹಳೆಯ ಪದ್ಧತಿಯಲ್ಲಿ ಮೊದಲ ಬಸಿರಿನ ಏಳನೇ ತಿಂಗಳಲ್ಲಿ ಗಂಡ ಹೆಂಡತಿಯ ಕೊರಳಿಗೆ ದಾರ ಕಟ್ಟುವ ಶಾಸ್ತ್ರವಾದ ಮೇಲೇ ಮದುವೆ ಪೂರ್ತಿ ಆದಂತೆ. ಎರಡು ಹಂತ ಒಂದೇ ಗಂಟಿನಲ್ಲಿ.

‘ಭಾರತೀಯ’ ಪರ್ಯಾಯ ಬೇಕು ಅಂದಾಗ ನಾವು ಬೇಗ ಆಶ್ರಮಗಳಿಗೆ ಓಡುತ್ತೇವೆ. ಸುಧೀರ್ ಕಕ್ಕರ್ 1978ರ ‘ದಿ ಇನ್ನರ್ ವರ್ಲ್ಡ್’ನಲ್ಲಿ ಎರಿಕ್‌ಸನ್ನರ ಹಂತಗಳ ಪಕ್ಕ ಇಟ್ಟಿದ್ದೂ ಅವನ್ನೇ. ಓದಲು ಚೆನ್ನಾಗಿದೆ, ಆದರೆ ಅದು ಶಾಸ್ತ್ರದೊಳಗಿನ ಗಂಡಸಿನ ನಕ್ಷೆ. ಬೆಳಿಗ್ಗೆ ಎದ್ದು ಕ್ಯಾರೆಟ್ ಹೊಲಕ್ಕೆ ಹೋಗುವ ನನ್ನ ಹೆತ್ತೆಗೆ ವಾನಪ್ರಸ್ಥ ಎಲ್ಲಿಂದ ಬರಬೇಕು?

ಚಾಟ್‌ನಲ್ಲಿ ಮೇಡಂ ಒಬ್ಬರು ಕೇಳಿದ್ದಾರೆ: “ಪಾಪದ ಪಟ್ಟಿ ಎಲ್ಲರಿಗೂ ಒಂದೇ ಅಲ್ವಾ? ಅದು ಪರಾಮರ್ಶೆ ಹೇಗಾಗುತ್ತೆ?”

ಸರಿಯಾದ ಪೆಟ್ಟು, ಮೇಡಂ. ಪಟ್ಟಿ ಒಂದೇ. ಅದರಿಂದ ಯಾರೂ ಒಂಟಿಯಾಗಿ ತಪ್ಪಿತಸ್ಥರಾಗುವುದಿಲ್ಲ, ಅದು ಅದರ ದೊಡ್ಡತನ. ಆದರೆ ಆ ಪಟ್ಟಿಯಲ್ಲಿ ಮಾಡಿದ ತಪ್ಪಿಗೆ ಜಾಗ ಇದೆ, ಅನುಭವಿಸಿದ್ದಕ್ಕೆ ಇಲ್ಲ. ಪ್ರಶ್ನಾವಳಿ ಮುಚ್ಚಿಟ್ಟ ಮೇಲೆ ಹೆತ್ತೆ ಹೇಳಿದ್ದು ಶಾಲೆ ಬಿಡಿಸಿದ ದಿನದ ಬಗ್ಗೆ. ತಮ್ಮನ ಸ್ಲೇಟು ಯಾವ ಮೂಲೆಯಲ್ಲಿರುತ್ತಿತ್ತು ಅನ್ನುವುದೂ ಅವರಿಗೆ ನೆನಪಿದೆ. ಅದನ್ನು ನಾಳೆ ಯಾವ ಹಿರಿಯನೂ ಓದಿ ಹೇಳುವುದಿಲ್ಲ. ಹಾಗಾಗಿ ಎರಿಕ್‌ಸನ್ನರ ಪ್ರಶ್ನೆಯನ್ನು ನಾನು ಪೂರ್ತಿ ಬಿಟ್ಟುಕೊಡಲಾರೆ. ಅದಕ್ಕೆ ಅಂಕ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ. ಹೆತ್ತೆಯ ಹಾಳೆಯಲ್ಲಿ ಐದನೆಯ ಸಾಲು ಈಗಲೂ ಖಾಲಿ ಇದೆ. ಮಾರ್ಗದರ್ಶಕರು ‘ಉತ್ತರಿಸಿಲ್ಲ’ ಅಂತ ನಮೂದಿಸಿ ಅನ್ನುತ್ತಾರೆ. ಉತ್ತರಿಸಿದ್ದಾರಲ್ಲ, ಸರ್.